ಕೊನೆಯ ಬೆಂಚಿನ ವಾರಸುದಾರರು

ಕಂಬ: ಸರಿಯೋ ಆ ಕಡೆ!

ಗುಬ್ಬಿ: ಆ ಕಡೆ ಏನಿದೆ ಸರಿಯೋಕೆ? ಬೀರು ಇದೆ. ಬೀರು ಒಳಗೆ ಹೋಗಿ ಕೂತ್ಕೊಳ್ಳಲಾ?

ಕಂಬ: ಹೋಗು. ನಿನ್ನ ಅಳತೆಗೆ ಕೆಳಗಿನ ಖಾನೆ ಧಾರಾಳ ಆಯ್ತು.

ಗುಬ್ಬಿ: ಮಾತು ನೋಡು! ಅರ್ಧ ಬೆಂಚಲ್ಲಿ, ಅರ್ಧ ಗಾಳಿಯಲ್ಲಿ ಕೂತವನಿಗೆ ಎಷ್ಟು ಜಂಬ!

ಕಾಲೇಜು ಶುರುವಾದ ಮೊದಲ ದಿನ, ಮೊದಲ ಪೀರಿಯಡ್ಡು. ಪಾಠ ತರ್ಕಶಾಸ್ತ್ರ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿ, ಈಗ ಒಂದೇ ಹಾಸ್ಟೆಲ್ ರೂಮು ಸೇರಿದ ಗೆಳೆಯರು. ಒಬ್ಬನ ತಲೆ ಎಲ್ಲ ಬಾಗಿಲುಗಳ ಚೌಕಟ್ಟಿಗೂ ಬಡಿಯುವುದರಿಂದ ಅವನು ಕಂಬ. ಇನ್ನೊಬ್ಬನ ತಲೆ ಯಾವ ಬಾಗಿಲಿಗೂ ಬಡಿದ ದಾಖಲೆಯಿಲ್ಲ, ಹಾಗಾಗಿ ಅವನು ಗುಬ್ಬಿ. ತರಗತಿಯ ಹಿಂದಿನ ಗೋಡೆಯ ಪಕ್ಕ ಒಂದು ಕಡೆ ಬೀರು, ಇನ್ನೊಂದು ಕಡೆ ಕಾಗದ ಸುತ್ತಿದ ಹೊಸ ಮೇಜು. ನಡುವೆ ತುರುಕಿಟ್ಟ ಒಂದು ತುಂಡು ಬೆಂಚು, ಅದರಲ್ಲಿ ಒಬ್ಬರಿಗೆ ಮಾತ್ರ ಜಾಗ. ಗೋಡೆಗೆ ಉದ್ದಕ್ಕೂ ದೊಡ್ಡ ಬಟ್ಟೆಯೊಂದನ್ನು ಇಳಿಬಿಟ್ಟಿದ್ದರು. ಬಾಗಿಲ ಮೇಲೆ ಒಂದು ಸೂಚನೆ: ‘ಮೊದಲ ದಿನ ಕೂತ ಜಾಗವೇ ವರ್ಷವಿಡೀ ನಿಮ್ಮ ಜಾಗ.’ ಅದನ್ನು ಓದಿದ ಕ್ಷಣದಿಂದ ಇವರ ಸ್ನೇಹ ಕೆಟ್ಟಿತ್ತು.

ಕಂಬ: ನೋಡು ಗುಬ್ಬಿ, ಒಂದನೇ ಕ್ಲಾಸಿಂದ ಕೊನೇ ಬೆಂಚು ನಂದು. ಇದು ವಂಶದಲ್ಲೇ ಬಂದಿದ್ದು. ನಮ್ಮಪ್ಪ ಕೊನೇ ಬೆಂಚು, ನಮ್ಮ ಚಿಕ್ಕಪ್ಪ ಕೊನೇ ಬೆಂಚು. ನಮ್ಮ ಸೋದರತ್ತೆ ಕೊನೇ ಬೆಂಚಲ್ಲಿ ಕೂತೂ ಕೂತೂ ಕೊನೆಗೆ ಹೆಡ್‌ಮಿಸ್ಟ್ರೆಸ್ಸೇ ಆದ್ರು.

ಗುಬ್ಬಿ: ಅದಕ್ಕೇ ಹೇಳ್ತಿರೋದು. ನಿಮ್ಮ ಮನೆತನ ಸಾಕಷ್ಟು ನಿದ್ದೆ ಮಾಡಿದೆ. ಈ ವರ್ಷ ನನಗೆ ಬಿಡು.

ಕಂಬ: ನಾನು ಮುಂದೆ ಕೂತ್ರೆ ಹಿಂದಿನೋರಿಗೆ ಬೋರ್ಡ್ ಕಾಣಲ್ಲ ಕಣೋ.

ಗುಬ್ಬಿ: ಬೋರ್ಡ್ ಕಾಣಬಾರದು ಅಂತ್ಲೇ ಅಲ್ವೇನೋ ಅವರು ಹಿಂದೆ ಕೂರೋದು?

ಕಂಬ: ನೀನು ಇಲ್ಲಿ ಕೂತ್ರೆ ನಿನಗೂ ಬೋರ್ಡ್ ಕಾಣಲ್ಲ.

ಗುಬ್ಬಿ: ನಿನ್ನ ಬಾಯಿಗೆ ಸಕ್ಕರೆ ಹಾಕ!

ಕಂಬ: ಅಲ್ವೋ, ಅಷ್ಟೊಂದು ಏನಿದೆ ಈ ತುಂಡು ಬೆಂಚಲ್ಲಿ ನಿನಗೆ?

ಗುಬ್ಬಿಗೆ ಅಲ್ಲಿಯವರೆಗೆ ಬರೀ ಹಟವಿತ್ತು, ಈಗ ದುಃಖವೂ ಸೇರಿಕೊಂಡಿತು.

ಗುಬ್ಬಿ: ನಿನಗೇನು ಗೊತ್ತೋ ಮುಂದಿನ ಬೆಂಚಿನ ಬಾಳು! ‘ಚಿಕ್ಕೋನು, ಮುಂದೆ ಬಾ’ ಅಂತ ಒಂದನೇ ಕ್ಲಾಸಲ್ಲಿ ಕೂರಿಸಿದ್ರು, ಅಲ್ಲಿಂದ ಇವತ್ತಿನವರೆಗೂ ಎದ್ದಿಲ್ಲ ನಾನು. ವಿಜ್ಞಾನದ ಮೇಷ್ಟ್ರು ಬಾಯಿ ತೆಗೆದ್ರೆ ನಾನು ಕೊಡೆ ಹಿಡೀಬೇಕಿತ್ತು. ಲೆಕ್ಕದ ಮೇಷ್ಟ್ರಿಗೆ ನಿನ್ನ ಮೇಲೆ ಸಿಟ್ಟು ಬಂದ್ರೂ ಕೈಗೆ ಸಿಕ್ತಿದ್ದಿದ್ದು ನನ್ನ ಕಿವಿ. ನೋಡು, ಈ ಬಲಗಿವಿ ಎಡಗಿವಿಗಿಂತ ಉದ್ದ ಆಗಿದೆ.

ಕಂಬ: ಚೆನ್ನಾಗೇ ಇದೆ. ಮೈಯಲ್ಲಿ ಒಂದಾದ್ರೂ ಉದ್ದ ಆಯ್ತಲ್ಲ.

ಗುಬ್ಬಿ: ನಗಬೇಡ. ನಾನು ಇಷ್ಟು ವರ್ಷದಲ್ಲಿ ಪಾಠದ ಮಧ್ಯೆ ಒಂದೇ ಒಂದ್ಸಲ ಆಕಳಿಸಿಲ್ಲ ಕಣೋ. ಒಂದ್ಸಲಾನೂ! ನೀನು ಹಿಂದೆ ಕೂತು ಗೊರಕೆ ಹೊಡೀತಿದ್ದಾಗ ನಾನು ಮುಂದೆ ಕಣ್ಣು ಬಾಯಿ ಬಿಟ್ಕೊಂಡು ತಲೆ ಆಡಿಸ್ತಿದ್ದೆ. ನನಗೆ ರ‍್ಯಾಂಕ್ ಬೇಡ, ಏನೂ ಬೇಡ. ಕ್ಲಾಸಲ್ಲಿ ಒಂದು ನಿದ್ದೆ ಬೇಕು.

ಅಷ್ಟರಲ್ಲಿ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಒಳಗೆ ಬಂದು ಹಿಂದಿನಿಂದ ಬೆಂಚು ತುಂಬಿಸತೊಡಗಿದ್ದರು. ಇವರ ಎದುರಿನ ಬೆಂಚಿಗೆ ಬಂದ ಹುಡುಗಿಯೊಬ್ಬಳು ದಪ್ಪ ಕಾದಂಬರಿಯನ್ನು ನೋಟ್‌ಬುಕ್ಕಿನೊಳಗೆ ಬಚ್ಚಿಟ್ಟು, ಇವರ ಕಡೆ ತಿರುಗಿ ಕೂತಳು.

ಹುಡುಗಿ: ಯಾಕ್ರೀ ಜಗಳ? ಮುಂದಿನ ಬೆಂಚು ಪೂರ್ತಿ ಖಾಲಿ ಇದೆ ನೋಡಿ. ಇಬ್ಬರೂ ಕಾಲು ಚಾಚ್ಕೊಂಡು ಕೂರಬಹುದು.

ಕಂಬ: ಮತ್ತೆ ನೀವ್ಯಾಕೆ ಅಲ್ಲಿ ಕೂರಲಿಲ್ಲ?

ಹುಡುಗಿ: ನನಗೇನು ತಲೆ ಕೆಟ್ಟಿದ್ಯಾ? ಇರ್ಲಿ, ನಿಮ್ಮ ತಮ್ಮನ್ನ ಮನೆಗೆ ಕಳಿಸಿಬಿಡಿ. ಪಾಪ, ಬಿಟ್ಟು ಹೋಗೋಕೆ ಬಂದು ಸುಸ್ತಾಗಿರಬೇಕು.

ಗುಬ್ಬಿ: ರೀ! ನಾನು ತಮ್ಮ ಅಲ್ಲ! ನಾನೂ ಇದೇ ಕ್ಲಾಸು!

ಹುಡುಗಿ: ಅಯ್ಯೋ, ಹೌದಾ? ತಪ್ಪು ತಿಳ್ಕೋಬೇಡಿ.

ಗುಬ್ಬಿ: ತಿಳ್ಕೊಳ್ಳಲ್ಲ. ಗೇಟಲ್ಲಿ ವಾಚ್‌ಮನ್ನೂ ‘ಅಕ್ಕನ್ನ ಕರ್ಕೊಂಡು ಹೋಗೋಕೆ ಬಂದ್ಯಾ ಪುಟ್ಟಾ’ ಅಂದ. ಅಭ್ಯಾಸ ಆಗಿದೆ.

ಹುಡುಗಿ: ಸರಿ, ಹಾಗಾದ್ರೆ ನ್ಯಾಯ ನಾನು ಹೇಳ್ತೀನಿ. ಉದ್ದದೋರು ಎದ್ದು ಮುಂದೆ ಹೋಗ್ಲಿ, ಚಿಕ್ಕೋರು ಇಲ್ಲೇ ಇರ್ಲಿ.

ಕಂಬ: ಇದ್ಯಾವ ಸೀಮೆ ನ್ಯಾಯ?

ಹುಡುಗಿ: ನನಗೆ ಅನುಕೂಲ ಆಗೋ ನ್ಯಾಯ. ನೀವು ಮುಂದೆ ಕೂತ್ರೆ ನಿಮ್ಮ ಬೆನ್ನಿನ ಮರೇಲಿ ನಾನು ಈ ಕಾದಂಬರಿ ಮುಗಿಸ್ತೀನಿ. ಇನ್ನೂ ನಾಯಕನಿಗೆ ಪ್ರಜ್ಞೆನೇ ಬಂದಿಲ್ಲ.

ಕಂಬ: ಅವನಿಗೆ ಪ್ರಜ್ಞೆ ಬರೋಕೆ ನಾನು ನಿದ್ದೆ ಕೆಡಬೇಕಾ?

ಹುಡುಗಿ: ಸುಮ್ಮನೆ ಬೇಡ. ಬೆಂಚು ಬಿಡೋಕೆ ಏನು ತಗೋತೀರ, ಕೇಳಿ. ಇವರು ಕೊಡ್ತಾರೆ.

ಗುಬ್ಬಿ: ಕೊಡ್ತೀನಿ. ಕೇಳೋ.

ಕಂಬ ಚಾವಣಿ ನೋಡಿ ಯೋಚಿಸಿದ. ಅವನ ಯೋಚನೆ ಅಷ್ಟು ಎತ್ತರದಿಂದ ಬಾಯಿಗೆ ಇಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಕಂಬ: ರೂಮಲ್ಲಿ ಕಿಟಕಿ ಪಕ್ಕದ ಮಂಚ.

ಗುಬ್ಬಿ: ತಗೋ.

ಕಂಬ: ಬೆಳಿಗ್ಗೆ ಬಚ್ಚಲಿಗೆ ಮೊದಲು ನಾನು.

ಗುಬ್ಬಿ: ತಗೋ. ನೀರು ಬಿಸಿ ಇದ್ರೆ ಅದು ನಿನ್ನ ಪುಣ್ಯ.

ಕಂಬ: ನನ್ನ ಅಂಗಿಗೆಲ್ಲ ನೀನೇ ಇಸ್ತ್ರಿ ಹಾಕಬೇಕು.

ಗುಬ್ಬಿ: ಲೋ, ನಿನ್ನ ಒಂದು ಅಂಗಿ ಅಂದ್ರೆ ಒಂದು ಜಮಖಾನ ಕಣೋ! ಬರೀ ಅರ್ಧ ತೋಳಿನವು.

ಹುಡುಗಿ: ಅರ್ಧ ತೋಳಿಗೆ ಒಪ್ಪಿಗೆ. ಬೇಗ ಬೇಗ ಆಗ್ಲಿ, ಮೇಡಂ ಬಂದುಬಿಡ್ತಾರೆ.

ಕಂಬ: ಕೊನೇದಾಗಿ, ನಿಮ್ಮಮ್ಮ ಕೊಟ್ಟ ತಿಂಡಿ ಡಬ್ಬಿ.

ಗುಬ್ಬಿಯ ಕೈ ತಾನಾಗಿ ಚೀಲವನ್ನು ತಬ್ಬಿಕೊಂಡಿತು. ರೂಮಿನಲ್ಲಿ ಬಿಟ್ಟರೆ ಇರುವೆ ಬರುತ್ತದೆ ಎಂದು ಅವನು ಡಬ್ಬಿಯನ್ನು ಜೊತೆಗೇ ತಂದಿದ್ದ. ಇರುವೆ ಎಂದರೆ ಯಾರು ಎಂದು ಕಂಬನಿಗೂ ಗೊತ್ತಿತ್ತು.

ಗುಬ್ಬಿ: ಕಂಬ, ಅದು ಬಸ್ಸು ಹೊರಟ ಮೇಲೂ ನಮ್ಮಮ್ಮ ಓಡಿ ಬಂದು ಕಿಟಕೀಲಿ ತೂರಿಸಿದ ಡಬ್ಬಿ ಕಣೋ.

ಕಂಬ: ಗೊತ್ತು. ನನ್ನ ತೊಡೆ ಮೇಲೇ ಬಿತ್ತಲ್ಲ. ಆಗಲೇ ಅದಕ್ಕೂ ನನಗೂ ಏನೋ ಋಣ ಇದೆ ಅನ್ನಿಸ್ತು.

ಗುಬ್ಬಿ: ಅರ್ಧ ತಗೋ.

ಕಂಬ: ಪೂರ್ತಿ.

ಗುಬ್ಬಿ: ನೀನು ಮನುಷ್ಯನೇನೋ?

ಕಂಬ: ಕೊನೇ ಬೆಂಚಿನ ಮನುಷ್ಯ. ಬೇಡ ಅಂದ್ರೆ ಬಿಡು, ನಾನು ಇಲ್ಲೇ ಕೂರ್ತೀನಿ.

ಗುಬ್ಬಿ ಒಮ್ಮೆ ಡಬ್ಬಿಯನ್ನು ನೋಡಿದ, ಒಮ್ಮೆ ಬೆಂಚನ್ನು ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡು ಡಬ್ಬಿ ಚಾಚಿದ.

ಗುಬ್ಬಿ: ತಿಂದು ಸಾಯಿ. ಆದ್ರೆ ಖಾಲಿ ಡಬ್ಬಿ ವಾಪಸ್ ಕೊಡ್ಲೇಬೇಕು. ತಿಂಡಿ ಏನಾಯ್ತು ಅಂತ ಅಮ್ಮ ಕೇಳಲ್ಲ, ಡಬ್ಬಿ ಎಲ್ಲಿ ಅಂತ ಕೇಳ್ತಾಳೆ.

ಕಂಬ ಗೆದ್ದವನ ಠೀವಿಯಲ್ಲಿ ಎದ್ದು ನಿಂತ. ಇವರ ಜಗಳ ಮುಗಿಯುವಷ್ಟರಲ್ಲಿ ತರಗತಿ ತುಂಬಿ, ಉಳಿದದ್ದು ಹಳೇ ಕಪ್ಪು ಹಲಗೆಯ ಮೂಗಿನ ಕೆಳಗಿದ್ದ ಮೊಟ್ಟಮೊದಲ ಬೆಂಚೊಂದೇ. ಅವನ ಮುಖ ಸಪ್ಪಗಾಯಿತು. ಡಬ್ಬಿಯನ್ನು ಎದೆಗವಚಿಕೊಂಡು, ವಂಶದ ಹೆಸರು ಹಾಳು ಮಾಡಿದವನ ಹಾಗೆ ತಲೆ ತಗ್ಗಿಸಿ ನಡೆದುಹೋದ.

ಹುಡುಗಿ: ಎಂಥಾ ಮರೆ! ಬಾಗಿಲು ಹಾಕಿದ ಹಾಗಿದೆ.

ಗುಬ್ಬಿ: ನೀವು ಓದಿ, ನಾನು ಮಲಗ್ತೀನಿ. ಕೊನೆಗೂ ಒಳ್ಳೇ ಕಾಲ ಬಂತು.

ಗುಬ್ಬಿ ತಲೆಯನ್ನು ಹಿಂದಿನ ಗೋಡೆಯ ಬಟ್ಟೆಗೆ ಒರಗಿಸಿದ, ಕಾಲು ಚಾಚಿದ, ಹುಟ್ಟಿದಾಗಿನಿಂದ ಕೂಡಿಟ್ಟುಕೊಂಡಿದ್ದ ಆಕಳಿಕೆಗೆಂದು ಬಾಯಿ ತೆರೆದ. ಅದು ಅರ್ಧಕ್ಕೆ ಬಂದಿರುವಾಗ ಬೀರುವಿನ ಪಕ್ಕದ ಬಾಗಿಲಿನಿಂದ ತರ್ಕಶಾಸ್ತ್ರದ ಮೇಡಂ ಒಳಗೆ ಬಂದರು.

ಮೇಡಂ: ಯಾರದ್ರೀ ಈ ಚೀಲ? ಬೋರ್ಡಿಗೆ ಯಾಕೆ ಒರಗಿಸಿದ್ದೀರ?

ಗುಬ್ಬಿ: ಚೀಲ ಅಲ್ಲ ಮೇಡಂ, ನಾನು. ಬೋರ್ಡ್ ಆ ಕಡೆ ಇದೆ.

ಮೇಡಂ: ಅದಾ? ಅದು ಬಿರುಕು ಬಿಟ್ಟು ಕಾಲ ಆಯ್ತು. ಹೊಸದು ಇಲ್ಲಿದೆ ನೋಡಿ.

ಮೇಡಂ ಬಟ್ಟೆಯನ್ನು ಸರ್ರನೆ ಎಳೆದರು. ಬೆಳ್ಳಗೆ ಥಳಥಳಿಸುವ ಬೋರ್ಡು, ಅದರ ಒಂದು ಮೂಲೆಯಲ್ಲಿ ಗುಬ್ಬಿಯ ತಲೆ. ಮೇಜಿಗೆ ಸುತ್ತಿದ್ದ ಕಾಗದವನ್ನೂ ಹರಿದು ಹಾಕಿ, ಅದರ ಮೇಲೆ ತಮ್ಮ ಪುಸ್ತಕ ಇಟ್ಟರು.

ಮೇಡಂ: ಎಲ್ಲರೂ ಎದ್ದು ಬೆಂಚು ಈ ಕಡೆಗೆ ತಿರುಗಿಸ್ಕೊಳ್ಳಿ!

ಗುಬ್ಬಿ: ಮೇಡಂ, ಹಾಗಾದ್ರೆ ನನ್ನ ಬೆಂಚು...

ಮೇಡಂ: ಮೊದಲನೇದು. ಬಾಗಿಲ ಮೇಲೆ ಓದಿಲ್ವೇನಪ್ಪಾ? ಇವತ್ತು ಕೂತ ಜಾಗವೇ ವರ್ಷವಿಡೀ. ನಾನೇ ಬರೆಸಿ ಹಾಕಿಸಿದ್ದು.

ಬೆಂಚುಗಳು ಕಿರುಗುಟ್ಟುತ್ತ ತಿರುಗಿದವು. ಹುಡುಗಿ ಎರಡನೇ ಬೆಂಚಿಗೆ ಬಂದು ಬಿದ್ದಳು. ಆ ತುದಿಯಲ್ಲಿ, ಎಲ್ಲರಿಗಿಂತ ಹಿಂದೆ, ಇಡೀ ಬೆಂಚನ್ನು ಒಬ್ಬನೇ ಆಳುತ್ತ ಕಂಬ ಕೂತಿದ್ದ. ಅವನ ಹಲ್ಲು ಇಷ್ಟು ದೂರಕ್ಕೂ ಕಾಣುತ್ತಿತ್ತು.

ಹುಡುಗಿ: ಅಯ್ಯೋ, ನನ್ನ ಮರೆ ಹೋಯ್ತು! ನಿಮ್ಮ ಹಿಂದೆ ಬಚ್ಚಿಟ್ಕೊಳ್ಳೋಣ ಅಂದ್ರೆ ನೀವು ನನ್ನ ಪುಸ್ತಕದಷ್ಟೂ ಇಲ್ಲ!

ಗುಬ್ಬಿ: ಮಂಚ ಹೋಯ್ತು, ಬಚ್ಚಲು ಹೋಯ್ತು, ಅಮ್ಮನ ತಿಂಡಿ ಹೋಯ್ತು. ಕೊನೆಗೆ ಸಿಕ್ಕಿದ್ದು ಅದೇ ಮುಂದಿನ ಬೆಂಚು. ನನ್ನ ಹಣೇಲಿ ಬರೆದಿರೋದೇ ಇಷ್ಟು.

ಗುಬ್ಬಿಗೆ ನಿಜಕ್ಕೂ ಅಳು ಬಂದಿತ್ತು. ಅಳುವುದಕ್ಕೂ ಜಾಗ ಇರಲಿಲ್ಲ, ಏಕೆಂದರೆ ಮೇಡಂ ಹಾಜರಿ ಹಾಳೆಯನ್ನು ತೋಳಿನ ಉದ್ದಕ್ಕೂ ಚಾಚಿ ಹಿಡಿದಿದ್ದರು, ಅದು ಅವನ ಮೂಗಿಗೆ ತಾಗುತ್ತಿತ್ತು.

ಮೇಡಂ: ಹತ್ತಿರದ್ದು ಒಂದೂ ಕಾಣಲ್ಲಪ್ಪ ನನಗೆ. ಕನ್ನಡಕ ಹಾಕ್ಕೊಳ್ಳಿ ಅಂತ ಮನೇಲಿ ಒಂದೇ ವರಾತ. ಹಾಕ್ಕೊಂಡ್ರೆ ಥೇಟ್ ನಮ್ಮತ್ತೆ ಥರ ಕಾಣ್ತೀನಿ, ಅದಕ್ಕೇ ಸುತರಾಂ ಹಾಕಲ್ಲ! ದೂರಕ್ಕೆ ಮಾತ್ರ ಹದ್ದಿನ ಕಣ್ಣು. ಎಲ್ಲಿ, ಆ ಕೊನೇ ಬೆಂಚಿನ ಉದ್ದ ಹುಡುಗ! ಅಂಗಿ ಗುಂಡಿ ಹಾಕ್ಕೋ. ಬಾಯಲ್ಲಿ ಏನದು?

ಕಂಬ: ಏನಿಲ್ಲ ಮೇಡಂ.

ಮೇಡಂ: ಗಲ್ಲದ ಮೇಲೆ ಪುಡಿ ಅಂಟಿದೆ, ಒರೆಸ್ಕೋ. ಆ ಡಬ್ಬಿ ತಂದು ಈ ಮುಂದಿನ ಬೆಂಚಲ್ಲಿಡು. ಅದು ಇನ್ನು ಇಲ್ಲೇ ಇರುತ್ತೆ.

ಕಂಬ ಅಷ್ಟೂ ದೂರ ನಡೆದು ಬಂದು ಡಬ್ಬಿಯನ್ನು ಗುಬ್ಬಿಯ ಎದುರಿಗಿಟ್ಟ. ಗುಬ್ಬಿ ಮೊದಲು ಡಬ್ಬಿಯನ್ನು ನೋಡಿದ. ಆಮೇಲೆ ಮೇಡಂ ಮುಖದ ಎದುರು ಮೆಲ್ಲಗೆ ಕೈ ಆಡಿಸಿದ. ಅವರ ರೆಪ್ಪೆ ಅಲುಗಲಿಲ್ಲ.

ಕಂಬ: (ಪಿಸುಗುಟ್ಟುತ್ತ) ಗುಬ್ಬಿ, ಬಾರೋ, ಜಾಗ ಬದಲಾಯಿಸ್ಕೊಳ್ಳೋಣ. ಮಂಚ ವಾಪಸ್. ಇಸ್ತ್ರಿ ನಾನೇ ಹಾಕ್ಕೋತೀನಿ. ನಿನ್ನವೂ ಹಾಕ್ತೀನಿ!

ಗುಬ್ಬಿ: (ತಿಂಡಿ ಅಗಿಯುತ್ತ) ಹೇಗೋ ಆಗುತ್ತೆ? ಅದು ನಿಮ್ಮ ವಂಶದ ಬೆಂಚು.

ಹುಡುಗಿ: ಒಪ್ಪಂದ ಅಂದ್ರೆ ಒಪ್ಪಂದ ಕಣ್ರಿ. ಹೋಗಿ, ಹೋಗಿ.

ಮೇಡಂ: ಹೋಗಿ ನಿಂತ್ಕೊಂಡು ಹೇಳು, ತರ್ಕ ಅಂದ್ರೇನು?

ಕಂಬ ಹಿಂದೆ ಹೋಗಿ ನಿಂತ, ಬೆವರಿದ, ತಲೆ ಕೆರೆದುಕೊಂಡ. ಇತ್ತ ಗುಬ್ಬಿ ತೃಪ್ತಿಯಾಗಿ ಡಬ್ಬಿ ಮುಚ್ಚಿ, ಅರ್ಧಕ್ಕೆ ನಿಂತಿದ್ದ ಆಕಳಿಕೆಯನ್ನು ಪೂರ್ತಿ ಮಾಡಿದ. ಬೆಂಚಿನ ಮೇಲೆ ಮುದುರಿ ತಲೆಯಿಟ್ಟ. ಸ್ವಲ್ಪ ಹೊತ್ತಿಗೆ ತರಗತಿಯಲ್ಲಿ ಒಂದು ಸಣ್ಣ, ಸುಖವಾದ ಗೊರಕೆ ಕೇಳತೊಡಗಿತು.

ಮೇಡಂ: ಏಯ್ ಉದ್ದ ಹುಡುಗ! ನಾನು ಪ್ರಶ್ನೆ ಕೇಳಿದ್ರೆ ಗೊರಕೆ ಹೊಡೀತೀಯಾ?

ಕಂಬ: ಮೇಡಂ, ನಾನು ನಿಂತಿದ್ದೀನಿ!

ಮೇಡಂ: ನಿಂತೇ ನಿದ್ದೆ ಮಾಡೋ ಅಷ್ಟು ಅಭ್ಯಾಸ! ಬರ್ಕೊಳ್ಳಿ ಎಲ್ಲರೂ, ಇವತ್ತಿನ ಮೊದಲ ಪಾಠ. ಗೊರಕೆ ಹೊಡೆಯೋರು ಕೊನೇ ಬೆಂಚಿನೋರು. ಈ ಹುಡುಗ ಕೊನೇ ಬೆಂಚಿನೋನು. ಆದ್ದರಿಂದ ಗೊರಕೆ ಇವನದ್ದೇ. ಇದಕ್ಕೆ ತರ್ಕ ಅಂತಾರೆ.

ಕಂಬ: ಅಯ್ಯೋ ಮೇಡಂ, ಕಿವಿ ಕೊಟ್ಟು ಕೇಳಿ! ಸದ್ದು ನಿಮ್ಮ ಮುಂದಿನ ಬೆಂಚಿಂದ ಬರ್ತಿದೆ!

ಮೇಡಂ ಬಗ್ಗಿ, ಕಣ್ಣು ಕಿರಿದು ಮಾಡಿ, ಮೊದಲ ಬೆಂಚನ್ನು ಚೆನ್ನಾಗಿ ದಿಟ್ಟಿಸಿದರು. ಆಮೇಲೆ ನೆಟ್ಟಗೆ ನಿಂತು ನಿಟ್ಟುಸಿರು ಬಿಟ್ಟರು.

ಮೇಡಂ: ಸುಳ್ಳು ಹೇಳಿದ್ರೂ ನಂಬೋ ಹಾಗೆ ಹೇಳಬೇಕಪ್ಪಾ. ಚೀಲ ಎಲ್ಲಾದ್ರೂ ಗೊರಕೆ ಹೊಡೆಯುತ್ತಾ?