ಪೋಕರ್, ಗ್ರಹಚಾರ ಮತ್ತು ಒಂದು ಇಡ್ಲಿ ಪಾತ್ರೆ

ಪೋಕರ್ ಆಟದಲ್ಲಿ ನಾನು ಸೋಲಲು ಸಾಧ್ಯವೇ ಇಲ್ಲ ಎಂಬುದು ನನಗೆ ಮೊದಲ ದಿನವೇ ಖಚಿತವಾಗಿತ್ತು. ಕಾರಣ ಸರಳ. ನಾನು ಪಿಯು ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಸಂಭವನೀಯತೆಯ ಪಾಠವನ್ನು ಎಷ್ಟು ಸಲ ಮಾಡಿದ್ದೇನೆಂದರೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಐವತ್ತೆರಡು ಎಲೆಗಳಲ್ಲಿ ಎಕ್ಕ ಬರುವ ಸಾಧ್ಯತೆ ಎಷ್ಟೆಂದು ಹೇಳಬಲ್ಲೆ. ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ಇಷ್ಟು ಯೋಗ್ಯತೆಯುಳ್ಳ ಇನ್ನೊಬ್ಬ ಮನುಷ್ಯ ಇಲ್ಲ. ಇದನ್ನು ನಾನೇ ಹೇಳಬೇಕಾಗಿ ಬಂದಿರುವುದು ಬೇರೆ ಮಾತು.

ಆಟ ನಡೆಯುವುದು ತಿಂಗಳಿಗೊಂದು ಭಾನುವಾರ ಮಧ್ಯಾಹ್ನ, ಎದುರು ಮನೆಯ ಬಸವರಾಜು ಅವರ ತಾರಸಿಯ ಮೇಲೆ. ಅವರಿಗೆ ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿ. ದುಡ್ಡು ಕಟ್ಟಿ ಆಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲವಾದ್ದರಿಂದ ಹುಣಸೆ ಬೀಜ ಕಟ್ಟುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು ಬೀಜ. ಬಟ್ಟಲು ಖಾಲಿಯಾದವರು ಎದ್ದು ಹೋಗಬೇಕು. ಕೊನೆಗೆ ಉಳಿದವರಿಗೆ, ಬಸವರಾಜು ಅವರ ಅಂಗಡಿಯಲ್ಲಿ ಯಾರೂ ಕೊಳ್ಳದೆ ಉಳಿದ ಒಂದು ಪಾತ್ರೆ ಬಹುಮಾನ. ಈ ವ್ಯವಹಾರಕ್ಕೆ ನಾವು ‘ಟೂರ್ನಮೆಂಟು’ ಎಂದು ಹೆಸರಿಟ್ಟುಕೊಂಡಿದ್ದೇವೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬರ ಕೈಗೂ ಗುಟ್ಟಾಗಿ ಎರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಅವನ್ನು ಮೊದಲು ಮೂರು, ಆಮೇಲೆ ಒಂದೊಂದಾಗಿ ಬಿಚ್ಚುತ್ತಾರೆ. ಎಲ್ಲ ಸೇರಿಸಿ ಯಾರದು ದೊಡ್ಡದೋ ಅವರು ಗೆದ್ದರು. ಕೈಯಲ್ಲೇ ಜೋಡಿ ಎಕ್ಕ ಬಂದರೆ ರಾಜಯೋಗ. ಆದರೆ ಎದುರಿನವರಿಗೆ ಐದಕ್ಕೆ ಐದೂ ಆಟೀನೋ, ಐದಕ್ಕೆ ಐದೂ ಇಸ್ಪೀಟೋ ಕೂಡಿಬಂದರೆ ನಿಮ್ಮ ಎಕ್ಕ ತರಗೆಲೆ.

ಮೊದಲ ಟೂರ್ನಮೆಂಟಿನಲ್ಲೇ ನನಗೆ ಜೋಡಿ ಎಕ್ಕ ಬಂತು! ಮನಸ್ಸಿನಲ್ಲೇ ಲೆಕ್ಕ ಹಾಕಿ, ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, ಬಟ್ಟಲನ್ನೇ ಮುಂದೆ ತಳ್ಳಿದೆ. ಎದುರಿಗೆ ಉಳಿದವರು ಪಕ್ಕದ ಮನೆ ಕಮಲಮ್ಮ. ಅವರ ಕೈಯಲ್ಲಿದ್ದದ್ದು ಆಟೀನಿನ ಎರಡು ಮತ್ತು ಏಳು. ಬುದ್ಧಿ ಇರುವ ಯಾವ ಪ್ರಾಣಿಯೂ ಆ ಎಲೆ ಹಿಡಿದು ಆಡುವುದಿಲ್ಲ.

“ಆಟೀನು ನೋಡಕ್ಕೆ ಲಕ್ಷಣವಾಗಿರ್ತದೆ ಮೇಷ್ಟ್ರೇ, ಬಿಸಾಕಕ್ಕೆ ಮನಸ್ಸೇ ಬರಲ್ಲ” ಎಂದರು ಕಮಲಮ್ಮ.

ಕೊನೆಯ ಎಲೆ ಬಿಚ್ಚಿದರು. ಆಟೀನು! ಐದಕ್ಕೆ ಐದೂ ಕೆಂಪಗೆ ನಗುತ್ತಾ ಕೂತವು.

“ಬಸವರಾಜು, ಇದು ಗೆದ್ದಂಗಾ, ಸೋತಂಗಾ?” ಎಂದು ಕೇಳಿದರು ಕಮಲಮ್ಮ. ಗೆದ್ದದ್ದೂ ಗೊತ್ತಾಗದವರ ಕೈಯಲ್ಲಿ ಸೋತೆ ನಾನು!

ಅವರು ಆ ತಿಂಗಳು ಒಂದು ಸೌಟು ಗೆದ್ದರು. ಮುಂದಿನ ತಿಂಗಳು ನನ್ನ ಮೂರು ರಾಜರನ್ನು ಕೊನೆಯ ಎಲೆಯಲ್ಲಿ ಮುಗಿಸಿ ತಂಬಿಗೆ ಗೆದ್ದರು. ಅದರ ಮುಂದಿನ ತಿಂಗಳು ಮತ್ತೆ ನನ್ನ ಎಕ್ಕಗಳ ಮೇಲೆ ಕಾಫಿ ಫಿಲ್ಟರ್. ಅವರ ಅಡುಗೆಮನೆ ತುಂಬುತ್ತಾ ಹೋಯಿತು. ನನ್ನ ಮರ್ಯಾದೆ ಅದೇ ವೇಗದಲ್ಲಿ ಖಾಲಿಯಾಗುತ್ತಾ ಹೋಯಿತು.

ಸೋತವನಿಗೆ ಒಂದು ಕಾಯಿಲೆ ಇರುತ್ತದೆ: ಸೋತ ಕತೆಯನ್ನು ಯಾರಿಗಾದರೂ ಹೇಳಲೇಬೇಕು. ನನಗೆ ಇದ್ದದ್ದು ಹೆಂಡತಿ ವಸಂತ ಒಬ್ಬಳೇ. ಅವಳು ಸಹಕಾರಿ ಬ್ಯಾಂಕೊಂದರ ಕೌಂಟರಿನಲ್ಲಿ ಕೂರುವವಳು. ವಾರವಿಡೀ ಜನರ ಗೋಳು ಕೇಳಿದವಳಿಗೆ ಭಾನುವಾರ ನನ್ನದು.

“ಹೇಳಿ. ಆದ್ರೆ ಈ ಅವರೆಕಾಯಿ ಬಿಡಿಸ್ತಾ ಹೇಳಿ” ಎಂದು ಮೊರ ಮುಂದಿಟ್ಟಳು.

“ನನ್ನ ಹತ್ರ ಜೋಡಿ ಎಕ್ಕ ಇತ್ತು ಕಣೇ!”

“ಹೋದ್ಸಲಾನೂ ಇತ್ತಲ್ಲಾ. ಅಷ್ಟು ಒಳ್ಳೆ ಎಲೆ ಇಟ್ಕೊಂಡು ಸೋಲೋದು ಹೆಂಗೆ?”

“ಗ್ರಹಚಾರ!”

“ಗ್ರಹಚಾರ ಪ್ರತಿ ತಿಂಗಳೂ ನಿಮ್ಮನ್ನೇ ಹುಡುಕ್ಕೊಂಡು ಬಸವರಾಜು ತಾರಸಿ ಹತ್ತತ್ತಾ? ನೀವೇ ಏನೋ ಎಡವಟ್ಟು ಮಾಡ್ತಿರ್ತೀರ, ಬಿಡಿ.”

ಪೇಪರಿನ ಅಂಚಿನಲ್ಲಿ ಲೆಕ್ಕ ಬರೆದು ತೋರಿಸಿದೆ. ಹತ್ತು ಸಲ ಆಡಿದರೆ ಎಂಟು ಸಲ ನಾನೇ ಗೆಲ್ಲಬೇಕು ಎಂದು ಅಡಿಗೆರೆ ಎಳೆದೆ. ಅವಳು ಅದೇ ಪೇಪರಿನ ಮೇಲೆ ಅವರೆ ಸಿಪ್ಪೆ ಸುರಿದು, ಮಡಚಿ ತೆಗೆದುಕೊಂಡು ಹೋದಳು.

ನನಗೆ ನೋವಾದದ್ದು ಸೋಲಿಗಲ್ಲ, ಆ ‘ಎಡವಟ್ಟು’ ಎಂಬ ಮಾತಿಗೆ. ನಮ್ಮ ಸಂಸಾರದಲ್ಲಿ ಉಳಿದೆಲ್ಲಾ ವಿಷಯಗಳಲ್ಲಿ ತಪ್ಪು ನನ್ನದೇ ಇರುತ್ತದೆ, ನಿಜ. ನಲ್ಲಿ ರಿಪೇರಿಗೆ ಕೈಹಾಕಿ ನಡುಮನೆ ಕೆರೆ ಮಾಡಿದವನು ನಾನೇ. ಅವಳ ತಂಗಿಯ ಮದುವೆಗೆ ಹೊರಟು, ತಪ್ಪು ಛತ್ರದಲ್ಲಿ ಎರಡನೇ ಪಂಕ್ತಿಯಲ್ಲಿ ಉಂಡು ಬಂದವನೂ ನಾನೇ. ಆದರೆ ಇದೊಂದರಲ್ಲಿ ನಾನು ಅಪ್ಪಟ ನಿರಪರಾಧಿ! ನನಗೆ ಸೌಟು ಬೇಡ, ತಂಬಿಗೆ ಬೇಡ. ‘ಪಾಪ, ಇದರಲ್ಲಿ ನಿಮ್ಮ ತಪ್ಪೇನಿಲ್ಲ ಕಣ್ರೀ’ ಎಂದು ವಸಂತ ಒಂದೇ ಒಂದು ಸಲ ಹೇಳಿದ್ದರೆ ಸಾಕಾಗಿತ್ತು. ಅವಳ ಬಾಯಿಂದ ಆ ಮಾತು ಬರಬೇಕಾದರೆ ಇದ್ದದ್ದು ಒಂದೇ ದಾರಿ. ಗೆದ್ದು ತೋರಿಸಬೇಕು.

ಗ್ರಹಚಾರ ಬಿಡಿಸುವ ಕಾರ್ಯಕ್ರಮವನ್ನು ವಿಧ್ಯುಕ್ತವಾಗಿ ಆರಂಭಿಸಿದೆ. ಮೊದಲು ಪೂರ್ವಕ್ಕೆ ಮುಖ ಮಾಡಿ ಕೂತೆ. ಮಧ್ಯಾಹ್ನದ ಮೇಲೆ ಬೆನ್ನಿಗೆ ಬಿಸಿಲು ಬಡಿದು ಶರ್ಟು ಒದ್ದೆಯಾಯಿತೇ ಹೊರತು ಎಲೆ ಬದಲಾಗಲಿಲ್ಲ. ಆಮೇಲೆ ಚಾಮುಂಡಿ ಬೆಟ್ಟ ಹತ್ತಿದೆ, ಅದೂ ಮೆಟ್ಟಿಲ ಮೇಲೆ. ಅರ್ಚನೆ ಮಾಡಿಸುವಾಗ ಅರ್ಚಕರು, “ಏನು ಸಂಕಲ್ಪ?” ಎಂದರು.

“ಒಂದು ಟೂರ್ನಮೆಂಟು ಇದೆ, ಗೆಲ್ಲಬೇಕು.”

“ಒಳ್ಳೇದಾಗ್ಲಿ. ಮಗನಾ, ಮಗಳಾ?”

“ನಾನೇ.”

ಅವರು ನನ್ನ ಹೊಟ್ಟೆ ನೋಡಿದರು, ಏದುಸಿರು ನೋಡಿದರು. “ಯಾವ ಆಟ?”

ದೇವಿಯ ಎದುರಿಗೆ ಇಸ್ಪೀಟು ಎನ್ನಲು ನಾಲಿಗೆ ಬರಲಿಲ್ಲ. “ಕೇರಂ” ಎಂದೆ. ಆ ತಿಂಗಳು ಎಲ್ಲರಿಗಿಂತ ಮೊದಲು ಎದ್ದು ಹೋದವನು ನಾನು! ಕೇರಂ ಆಟಕ್ಕೆ ತಾಯಿ ಕೊಟ್ಟ ವರ ಪೋಕರಿಗೆ ಲಾಗೂ ಆಗುವುದಿಲ್ಲ.

ಇನ್ನು ವಿಜ್ಞಾನವೇ ಗತಿ ಎಂದುಕೊಂಡೆ. ಯೋಚಿಸಿದಾಗ ಹೊಳೆಯಿತು: ಸೋತಾಗಲೆಲ್ಲ ನನ್ನ ಮೂಗಿನ ಮೇಲೆ ಚಾಳೀಸು ಇತ್ತು! ಅಂದರೆ ನನ್ನ ಎಲೆಗಳು ಕನ್ನಡಕದ ಗಾಜಿನಲ್ಲಿ ಮೂಡಿ ಎದುರಿನವರಿಗೆ ಕಾಣುತ್ತಿವೆ. ಪರೀಕ್ಷೆಗೆಂದು ಬಚ್ಚಲಮನೆ ಕನ್ನಡಿಯ ಮುಂದೆ, ಚಾಳೀಸು ಹಾಕಿಕೊಂಡು, ಕೈಯಲ್ಲಿ ರಾಣಿ ಹಿಡಿದು ನಿಂತೆ. ಗಾಜಿನಲ್ಲಿ ಏನೋ ಬೆಳ್ಳಗೆ ಕಂಡಿತು. ಸಾಬೀತು!

“ಏನ್ರೀ ಮಾಡ್ತಿದ್ದೀರ ಅಲ್ಲಿ?” ಬಾಗಿಲಲ್ಲಿ ವಸಂತ.

“ಸಂಶೋಧನೆ. ನಾಳೆ ಆಟಕ್ಕೆ ಕನ್ನಡಕ ಇಲ್ಲದೆ ಹೋಗ್ತೀನಿ.”

ಅವಳು ಟವೆಲು ತೆಗೆದುಕೊಂಡು ಹೊರಟುಹೋದಳು. ಮದುವೆಯಾಗಿ ಇಷ್ಟು ಕಾಲವಾದ ಮೇಲೆ ಯಾವಾಗ ಮಾತಾಡಬಾರದು ಎಂಬುದು ಅವಳಿಗೆ ಗೊತ್ತು.

ಮರುದಿನದ್ದು ಸಾಮಾನ್ಯ ಟೂರ್ನಮೆಂಟಲ್ಲ. ಬಹುಮಾನ ದೊಡ್ಡ ಇಡ್ಲಿ ಪಾತ್ರೆ. ಇಡೀ ಬೀದಿಗೆ ಇಡ್ಲಿ ಬೇಯಿಸಬಹುದಾದಂಥದ್ದು, ಅದಕ್ಕೇ ಯಾರೂ ಕೊಂಡಿರಲಿಲ್ಲ. ನಾನು ಹೊರಡುವ ಹೊತ್ತಿಗೆ ಬಸವರಾಜು ಗೇಟಿಗೆ ಬಂದರು. “ಮೇಷ್ಟ್ರೇ, ನಮ್ ತಮ್ಮ ಇಲವಾಲಕ್ಕೆ ಗೃಹಪ್ರವೇಶ ಅಂತ ಹೋಗ್ಬುಟ್ಟ. ಒಂದು ಕೈ ಕಮ್ಮಿ ಆಯ್ತು. ವಸಂತಮ್ಮನ್ನೂ ಕರ್ಕೊಂಬನ್ನಿ.”

“ಅವಳಿಗೆ ಆಟ ಬರಲ್ಲ” ಎಂದೆ.

“ವರ್ಷದಿಂದ ಅವರೆಕಾಯಿ ಜೊತೆ ಕೇಳ್ತಾನೇ ಇದೀನಲ್ಲ, ಬರತ್ತೆ ನಡೀರಿ” ಎಂದಳು ವಸಂತ. ನನಗೂ ಸಂತೋಷವೇ ಆಯಿತು. ನನ್ನ ಗ್ರಹಚಾರವನ್ನು ಕಣ್ಣಾರೆ ನೋಡಲಿ!

ಕನ್ನಡಕವಿಲ್ಲದ ಆಟದ ಮೊದಲ ಫಲ ತಕ್ಷಣವೇ ಸಿಕ್ಕಿತು. ಕಡಲೆಬೀಜವೆಂದು ತಿಳಿದು ಒಂದು ಹುಣಸೆ ಬೀಜ ಬಾಯಿಗೆ ಹಾಕಿಕೊಂಡು ಕಟಂ ಎಂದು ಕಡಿದೆ.

“ಮೇಷ್ಟ್ರೇ, ಬಂಡವಾಳ ತಿನ್ಬೇಡಿ!” ಎಂದು ಬಸವರಾಜು ಕೂಗಿದರು.

ಎಲೆಗಳೂ ಮಸುಕು ಮಸುಕು. ಇದು ಎಂಟೋ ಹತ್ತೋ ತಿಳಿಯದೆ ಹೆದರಿ, ಬೀಜ ಕಟ್ಟದೆ, ಬಂದ ಎಲೆಗಳನ್ನೆಲ್ಲ ಕೆಳಗಿಟ್ಟು ಸುಮ್ಮನೆ ಕೂರುತ್ತಿದ್ದೆ. ಎಲ್ಲರೂ ಇದನ್ನು ತಾಳ್ಮೆಯೆಂದು ಭಾವಿಸಿದರು. ಅತ್ತ ವಸಂತ ಎದುರಿಗಿದ್ದವರ ಮುಖವನ್ನು, ಚೆಕ್ಕು ತಂದವರನ್ನು ನೋಡುವ ಹಾಗೆ ಒಂದು ಸಲ ನೋಡುತ್ತಿದ್ದಳು. ಆಮೇಲೆ ಅವರ ಬೀಜ ಅವಳ ಬಟ್ಟಲಿಗೆ ಬರುತ್ತಿತ್ತು. ಬಸವರಾಜು ಹೋದರು. ಕಮಲಮ್ಮ ತಮ್ಮ ಲಕ್ಷಣವಾದ ಆಟೀನುಗಳ ಸಮೇತ ಹೋದರು! ಕೊನೆಗೆ ಉಳಿದವರು ಇಬ್ಬರು: ನಾನು, ನನ್ನ ಹೆಂಡತಿ.

“ಯಾರ್ ಗೆದ್ರೂ ಪಾತ್ರೆ ಒಂದೇ ಮನೆಗೆ, ಆಡೋದ್ ಯಾಕೆ?” ಎಂದರು ಕಮಲಮ್ಮ.

“ಆಡಲೇಬೇಕು” ಎಂದೆ ನಾನು. “ಆಡಲೇಬೇಕು” ಎಂದಳು ವಸಂತ. ಅವಳ ಕೆನ್ನೆ ಕೆಂಪಾಗಿತ್ತು. ಅವಳನ್ನು ಇಷ್ಟು ಉತ್ಸಾಹದಲ್ಲಿ ನೋಡಿ ಎಷ್ಟು ಕಾಲವಾಗಿತ್ತೋ!

ಇಬ್ಬರೇ ಉಳಿದರೆ ಬೀಜ ಸಮಪಾಲು ಮಾಡಿ ಒಂದೇ ಆಟದಲ್ಲಿ ಮುಗಿಸಬೇಕು ಎಂಬುದು ಬಸವರಾಜು ಅವರ ಕಾನೂನು. ಅಷ್ಟು ಹೊತ್ತಿಗೆ ಅವರಿಗೆ ಕಾಫಿ ಬೇಕಾಗಿರುತ್ತದೆ. ಎಲೆ ಹಾಕಿದರು. ನನ್ನದನ್ನು ತೋಳಳತೆ ದೂರ ಹಿಡಿದು ನೋಡಿದೆ. ಇಸ್ಪೀಟು ಏಳು, ಇಸ್ಪೀಟು ಎರಡು. ನಡುವೆ ಮೂರು ಎಲೆ ಬಿಚ್ಚಿದರು: ಮೂರೂ ಇಸ್ಪೀಟು! ನನ್ನ ಎರಡು, ಅಲ್ಲಿನ ಮೂರು, ಐದಕ್ಕೆ ಐದು! ನಾಲ್ಕನೆಯದು ಡೈಮಂಡ್ ಗುಲಾಮ, ಕೆಲಸಕ್ಕೆ ಬಾರದವನು. ಕಾದದ್ದು ಸಾಕೆಂದು ಇಡೀ ಬಟ್ಟಲನ್ನು ಮುಂದೆ ತಳ್ಳಿ, “ಎಲ್ಲಾ ಇಟ್ಟೆ!” ಎಂದೆ. ನನ್ನ ದನಿ ನನಗೇ ಹಿಡಿಸಿತು.

ವಸಂತ ತನ್ನ ಎಲೆ ನೋಡಲಿಲ್ಲ. ನನ್ನ ಮೂಗು ನೋಡಿದಳು.

“ರೀ, ಎರಡೂ ಇಸ್ಪೀಟೇ ಅಂತ ನೋಡ್ಕೊಂಡ್ರಾ?”

“ಆಟದ ಮಧ್ಯೆ ಮಾತಾಡಬಾರದು!”

“ಸರಿ. ನಾನೂ ಎಲ್ಲಾ ಇಟ್ಟೆ.”

ಎಲೆ ತೋರಿಸಿದೆವು. ಅವಳದು ಜೋಡಿ ಎಕ್ಕ, ಆಟೀನಿನದೊಂದು, ಡೈಮಂಡಿನದೊಂದು. ನನ್ನದು ಇಸ್ಪೀಟು ಏಳು. ಮತ್ತು ಕಳಾವರ್ ಎರಡು!

“ಅಯ್ಯೋ, ಕಳಾವರ್ ಅಲ್ವಾ ಇದು!” ಎಂದು ಕಮಲಮ್ಮ ಕೈ ಬಾಯಿಗಿಟ್ಟುಕೊಂಡರು.

“ಮನೇಲೂ ಕನ್ನಡಕ ಇಲ್ಲದಾಗ ಕಳಾವರ್‌ನ ಇಸ್ಪೀಟು ಅಂತಾರೆ. ಕನ್ನಡಕ ಟೀವಿ ಮೇಲಿದೆ, ನಾನೇ ನೋಡಿ ಬಂದೆ” ಎಂದಳು ವಸಂತ. ಎಂಥ ಆಟ! ಅವಳು ಲೆಕ್ಕ ಹಾಕಿದ್ದು ಎಲೆಗಳನ್ನಲ್ಲ, ನನ್ನನ್ನು. ಸೋತೆನೆಂದು ತಲೆ ತಗ್ಗಿಸಿದರೂ ಒಳಗೊಳಗೇ ನನಗೆ ಹೆಮ್ಮೆಯಾಯಿತು.

ಬಸವರಾಜು ಶಾಸ್ತ್ರಕ್ಕೆಂಬಂತೆ ಕೊನೆಯ ಎಲೆ ಬಿಚ್ಚಿದರು.

ಇಸ್ಪೀಟು ಮೂರು.

ಅಲ್ಲಿನ ನಾಲ್ಕು ಇಸ್ಪೀಟು, ನನ್ನ ಏಳು. ಐದಕ್ಕೆ ಐದು! ನಿಜವಾದ ಐದು!

“ಮೇಷ್ಟ್ರು ಗೆದ್ಬುಟ್ರು!” ಬಸವರಾಜು ಕುಣಿದೇ ಬಿಟ್ಟರು. ಇಡ್ಲಿ ಪಾತ್ರೆ ನನ್ನ ತೊಡೆಯ ಮೇಲೆ ಬಂತು. ಕಮಲಮ್ಮ ಚಪ್ಪಾಳೆ ತಟ್ಟಿದರು. ವರ್ಷವಿಡೀ ಕಾದಿದ್ದ ಕ್ಷಣ. ನಾನು ವಸಂತಳ ಕಡೆ ನೋಡಿದೆ.

ಅವಳು ತನ್ನ ಎರಡು ಎಕ್ಕಗಳನ್ನು ನೋಡುತ್ತಾ ಕೂತಿದ್ದಳು. ಬಾಯಿ ಅರ್ಧ ತೆರೆದಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಅದು ತಿಂಗಳು ತಿಂಗಳೂ ನನ್ನ ಮುಖವಾಗಿತ್ತು. ಗೆದ್ದ ಸಂತೋಷ ಪಾತ್ರೆಯ ತೂತುಗಳಿಂದ ಸೋರಿಹೋಯಿತು. ಆ ಹಾಳು ಮೂರನ್ನು ವಾಪಸ್ ಕಟ್ಟಿಗೆ ಸೇರಿಸಿಬಿಡೋಣ ಎನಿಸಿತು. ಅವಳು ಗೆಲ್ಲಬೇಕಿತ್ತು. ಅವಳೇ ಸರಿಯಾಗಿ ಆಡಿದ್ದು.

ಮೆಟ್ಟಿಲಿಳಿದು ಅವಳು ಮುಂದೆ ಮುಂದೆ ಬೀದಿ ದಾಟಿದಳು. ನಾನು ಪಾತ್ರೆಯನ್ನು ಕಂಕುಳಲ್ಲಿಟ್ಟುಕೊಂಡು ಹಿಂದೆ ನಡೆದೆ. ನಮ್ಮ ಗೇಟಿನ ಹತ್ತಿರ ನಿಂತಳು.

“ರೀ, ಸೋತಾಗೆಲ್ಲ ನಿಮಗೂ ಹಿಂಗೇ ಆಗ್ತಿತ್ತಾ? ಆ ಕೊನೇ ಎಲೇನ ಹರಿದು ಹಾಕ್ಬೇಕು ಅನ್ಸೋ ಹಂಗೆ?”

“ಹಿಂಗೇ ಕಣೇ.”

“ಪ್ರತಿ ಸಲಾನೂ?”

“ಪ್ರತಿ ಸಲಾನೂ.”

ಅವಳು ನನ್ನ ಭುಜದ ಮೇಲೆ ಕೈಯಿಟ್ಟಳು. ಅವಳ ಕಣ್ಣು ಒದ್ದೆಯಾಗಿತ್ತೋ, ಕನ್ನಡಕವಿಲ್ಲದ್ದಕ್ಕೆ ನನಗೆ ಹಾಗೆ ಕಂಡಿತೋ ತಿಳಿಯದು. “ಪಾಪ. ನಾನು ಸುಮ್ಸುಮ್ನೆ ಎಡವಟ್ಟು ಅಂತಿದ್ದೆ. ನಿಮ್ಮ ತಪ್ಪೇನೂ ಇರ್ಲಿಲ್ಲ ಕಣ್ರೀ.”

ಬಂತು! ಕೊನೆಗೂ ಆ ಮಾತು ಬಂತು! ಪಾತ್ರೆಯನ್ನು ಬಿಟ್ಟು ಅವಳ ಕೈ ಹಿಡಿಯಬೇಕೆಂದುಕೊಂಡೆ, ಆದರೆ ಅದು ದೊಡ್ಡ ಪಾತ್ರೆ.

“ಸೋತಾಗ ಒಂದ್ಸಲಾನೂ ನಿಮ್ಮ ತಪ್ಪಿರ್ಲಿಲ್ಲ” ಎಂದಳು ವಸಂತ, ಗೇಟು ತೆಗೆಯುತ್ತಾ. “ಆದ್ರೆ ಇವತ್ತು ಗೆದ್ರಲ್ಲಾ, ಅದು ಮಾತ್ರ ಪೂರ್ತಿ ನಿಮ್ದೇ ತಪ್ಪು!”