ಭಾವನ ಚಹಾದಂಗಡಿ ಮತ್ತು ನನ್ನ ಹನ್ನೊಂದು ನಿಯಮಗಳು

ನಮ್ಮ ಭಾವನಿಗೆ ತಲೆ ನೆಟ್ಟಗಿಲ್ಲ ಎಂದು ನಾನು ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಈ ಮಾತನ್ನು ಒಪ್ಪುವವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬರು ಸ್ವತಃ ಭಾವ. ಉಳಿದವರೆಲ್ಲ, ನನ್ನ ಹೆತ್ತವ್ವನೂ ಸೇರಿ, ಅವರನ್ನು ದೊಡ್ಡ ಮನುಷ್ಯ ಎನ್ನುತ್ತಾರೆ. ನಾನು ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು, ಮಸೀದಿಯ ಜಮಾತಿಗೆ ಕಾರ್ಯದರ್ಶಿ. ಭಾವ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಚಹಾ-ಮಿರ್ಚಿ ಅಂಗಡಿ ಇಟ್ಟವರು. ಆದರೂ ಗಂಡ ಹೆಂಡಿರು ಜಗಳಾಡಿದರೆ, ಹುಡುಗಿಗೆ ವರ ಬಂದರೆ, ಆಡು ಕಳೆದುಹೋದರೆ ಜನ ಓಡುವುದು ಅವರ ಅಂಗಡಿಗೆ. ನನ್ನ ಬಳಿ ಬರುವುದು ಅರ್ಜಿ ಬರೆಸಲು ಮಾತ್ರ. ಹೊಟ್ಟೆ ಉರಿಯುವುದಿಲ್ಲವೆ? ಅರವತ್ತು ದಾಟಿದ ನನಗೆ ಅವ್ವ ಇಂದಿಗೂ, “ನಿಮ್ಮ ಭಾವನ್ನ ನೋಡಿ ಒಂದೀಟು ಕಲಿ” ಎನ್ನುತ್ತಾಳೆ.

ಏನನ್ನು ಕಲಿಯಬೇಕು? ಐದು ಹೊತ್ತಿನ ನಮಾಜನ್ನು ಭಾವ ತಪ್ಪಿಸುವುದಿಲ್ಲ, ಅದು ಸರಿ. ರಂಜಾನಿನ ರೋಜಾ ಒಂದನ್ನೂ ಬಿಡುವುದಿಲ್ಲ, ಅದೂ ಸರಿ. ಆದರೆ ಗುಟುಕು ನೀರಿಲ್ಲದ ಬಾಯಲ್ಲಿ ಹಗಲೆಲ್ಲ ಕುದಿಯುವ ಎಣ್ಣೆಯ ಮುಂದೆ ನಿಂತು ಪರರಿಗೆ ಮಿರ್ಚಿ ಕರಿಯುವ ಮನುಷ್ಯನನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ಹಿಟ್ಟಿನ ಉಪ್ಪು ನೋಡುವಂತಿಲ್ಲ. ಹಾಗಾಗಿ ಮೊದಲ ಗಿರಾಕಿಯ ಕೈಗೆ ಮಿರ್ಚಿ ಕೊಟ್ಟು ಅವನ ಮುಖವನ್ನೇ ನೋಡುತ್ತ ನಿಲ್ಲುತ್ತಾರೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹಮಾಲನೊಬ್ಬ ಎಷ್ಟೋ ರಂಜಾನುಗಳಿಂದ ಈ ಹುದ್ದೆಗೆ ಕಾಯಂ ಆಗಿದ್ದಾನೆ. ಅವನು ಹುಬ್ಬು ಏರಿಸಿದರೆ ಉಪ್ಪು ಹೆಚ್ಚು, ಇನ್ನೊಂದು ಕೇಳಿದರೆ ಸರಿ. ನಮ್ಮ ಜಮಾತಿನ ಹಿರಿಯರ ಮಾತಿಗೂ ಭಾವ ಇಷ್ಟು ಬೆಲೆ ಕೊಟ್ಟದ್ದನ್ನು ನಾನು ನೋಡಿಲ್ಲ.

ನಮ್ಮ ಓಣಿಯಲ್ಲಿ ಮುಕ್ಕಾಲು ಮನೆ ನಮ್ಮವೇ. ಎರಡು ವರ್ಷದ ಹಿಂದೆ ಹಿರಿಯರಿಗೆ ಓಣಿಯ ನಡತೆ ಕೆಡುತ್ತಿದೆ ಎನಿಸಿ, ನಿಯಮಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೂರು ದಿನ ಕೂತು ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ಹನ್ನೊಂದು ನಿಯಮ ಬರೆದೆ. ಐದನೆಯದು, ಕಾಲೇಜಿನ ಹುಡುಗಿಯರು ಅಂಗಡಿಯ ಮುಂದೆ ನಿಂತು ಚಹಾ ಕುಡಿಯಬಾರದು. ಹನ್ನೊಂದನೆಯದು, ರಂಜಾನಿನ ಹಗಲಿನಲ್ಲಿ ಓಣಿಯೊಳಗೆ ತಿನ್ನುವ ಅಂಗಡಿ ತೆರೆಯಬಾರದು. ಈ ಎರಡನ್ನು ಯಾರನ್ನು ನೆನೆದು ಬರೆದೆ ಎಂದು ಬಾಯಿಬಿಟ್ಟು ಹೇಳಬೇಕೆ?

ಸಭೆಯಲ್ಲಿ ನಾನು ಓದಿ ಮುಗಿಸಿದಾಗ ಭಾವ ಹಾಳೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

“ಅಕ್ಷರ ಭಾಳ ಚಂದ ಅದಾವೋ ಮಾಸ್ತರ. ಹುಡುಗ್ಯಾರು ನಿಂತು ಚಾ ಕುಡೀಬಾರದು ಅಂತ ಬರದಿ. ಖರೆ ಐತಿ, ಪಾಪ ಕಾಲು ನೋಯ್ತಾವು. ನಾಳೆ ಒಂದು ಬೆಂಚು ಹಾಕಸ್ತೀನಿ.”

ಸಭೆ ನಕ್ಕಿತು. ನಾನು ನಗಲಿಲ್ಲ.

“ಹನ್ನೊಂದನೇದಕ್ಕ ಏನಂತೀರಿ, ಭಾವಾ? ಎಲ್ಲಾರೂ ರೋಜಾ ಇದ್ದಾಗ ನಮ್ಮ ಓಣ್ಯಾಗ ಮಂದಿ ತಿನ್ನೂದು ಶೋಭಾ ಐತೇನ್ರಿ?”

ಭಾವ ಹಾಳೆಯನ್ನು ಮಡಚಿ ನನ್ನ ಕೈಗೇ ಕೊಟ್ಟರು. “ಊರಾಗ ನಾವು ಕಡಿಮಿ ಅದೀವಿ. ಅಲ್ಲಿ ನಾವೇನು ಉಣಬೇಕು, ಏನು ಉಡಬೇಕು ಅಂತ ಯಾರರ ಹೇಳಾಕ ಬಂದ್ರ ನಮಗ ಸಂಕಟ ಆಕೈತಿ, ಹೌದಿಲ್ಲೋ? ಈ ಓಣ್ಯಾಗ ನಾವು ಹೆಚ್ಚದೀವಿ. ಊರಾಗ ನಾವು ಏನು ಬೇಡ್ತೀವಿ, ಓಣ್ಯಾಗ ಅದನ್ನ ನಾವು ಕೊಡಬೇಕಲ್ಲ. ರೋಜಾ ನಂದು. ಅದನ್ನ ಆ ಹಮಾಲನ ಹೊಟ್ಟಿ ಮ್ಯಾಲೆ ಯಾಕ ಹೇರಲಿ?”

ಕನ್ನಡದ ಜೊತೆಗೆ ನಾನು ಎಷ್ಟೋ ವರ್ಷ ಪೌರನೀತಿಯ ಪಾಠವನ್ನೂ ಮಾಡಿದ್ದೇನೆ. ಈ ಮಾತು ನನಗೇಕೆ ಹೊಳೆದಿರಲಿಲ್ಲ? ಕೊನೆಗೆ ಹಿರಿಯರು, ಅಂಗಡಿ ತೆರೆದಿರಲಿ, ಮುಂದೊಂದು ಪರದೆ ಇರಲಿ ಎಂದು ತೀರ್ಮಾನಿಸಿ ಎದ್ದರು.

ಆ ರಂಜಾನಿಗೆ ಭಾವ ಪರದೆ ಕಟ್ಟಿದರು. ಯಾವುದರದು? ನಾನು ಬೆಟಗೇರಿಗೆ ಹೋಗಿ ಆರಿಸಿ ಅಕ್ಕನಿಗೆ ತಂದುಕೊಟ್ಟಿದ್ದ ಸೀರೆಯದು. ಅಕ್ಕನನ್ನು ಕೇಳಿದರೆ, “ಬಣ್ಣ ಗಟ್ಟಿ ಐತಿ, ಬಿಸಲಿಗೆ ಹೋಗೂದಿಲ್ಲ” ಎಂದು ಗಂಡನನ್ನೇ ಹೊಗಳಿದಳು.

ಸೀರೆ ಮೊಣಕಾಲಿನವರೆಗೆ ಮಾತ್ರ ಬರುತ್ತಿತ್ತು. ಕೆಳಗೆ ಕಾಲುಗಳು ಕಾಣುತ್ತಿದ್ದವು. ನಮ್ಮ ಓಣಿಯಲ್ಲಿ ಯಾರ ಚಪ್ಪಲಿ ಯಾವುದು ಎಂದು ಎಲ್ಲರಿಗೂ ಗೊತ್ತು. ನಾನು ಎದುರಿನ ದರ್ಜಿಯ ಅಂಗಡಿಯಲ್ಲಿ ಕೂತು ನಾಲ್ಕು ದಿನ ಬರೀ ಕಾಲು ನೋಡಿದೆ. ಹಾಜರಿ ಕರೆಯುವುದು ನನ್ನ ಹಳೆಯ ಕಸುಬು. ನಾಲ್ಕನೆಯ ದಿನ, ಸಭೆಯಲ್ಲಿ ಹನ್ನೊಂದನೆಯ ನಿಯಮ ಬೇಕೆಂದು ಎಲ್ಲರಿಗಿಂತ ಮೊದಲು ಕೈ ಎತ್ತಿದ್ದ ಹಿರಿಯರೊಬ್ಬರ ಕಂದು ಚಪ್ಪಲಿ ಕಂಡಿತು. ನನಗಾದ ಸಂತೋಷವನ್ನು ಬರೆಯಲು ನಾಚಿಕೆಯಾಗುತ್ತದೆ. ಓಡಿಹೋಗಿ ಭಾವನ ಕಿವಿಯಲ್ಲಿ ಹೇಳಿದೆ.

“ಒಳಗ ಯಾರ ಅದಾರ ಅಂತ ನನಗ ಗೊತ್ತಾತು.”

“ನನಗ ಗೊತ್ತಿಲ್ಲಪಾ. ನಾ ಬಾಣಲಿ ನೋಡ್ತೀನಿ, ತಿನ್ನಾವರ ಮಾರಿ ನೋಡೂದಿಲ್ಲ” ಎಂದರು ಭಾವ. ಮರುದಿನ ಅಕ್ಕನ ಇನ್ನೊಂದು ಸೀರೆಯನ್ನು ಜೋಡಿಸಿ ಪರದೆಯನ್ನು ನೆಲ ಮುಟ್ಟಿಸಿದ್ದರು. ಅದನ್ನೂ ನಾನೇ ಕೊಡಿಸಿದ್ದು.

ಇಷ್ಟೆಲ್ಲ ಹೇಳಿದವನು ಇನ್ನೊಂದನ್ನೂ ಹೇಳಲೇಬೇಕು. ಮರುವರ್ಷ ರಂಜಾನಿಗೆ ಹದಿನೈದು ದಿನ ಮೊದಲು ಗದಗಿನ ಡಾಕ್ಟರು ನನ್ನ ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಇದೆ, ಈ ಸಲ ಉಪವಾಸ ಕೂಡದು, ಮಧ್ಯಾಹ್ನ ಊಟ ಮಾಡಿಯೇ ಮಾತ್ರೆ ನುಂಗಬೇಕು ಎಂದಿದ್ದರು. ಕಾಯಿಲೆ ಇದ್ದವನಿಗೆ ಧರ್ಮವೇ ವಿನಾಯಿತಿ ಕೊಟ್ಟಿದೆ ಎಂದು ನನಗೆ ಗೊತ್ತಿರಲಿಲ್ಲವೆ? ಆದರೆ ನಿಯಮ ಬರೆದ ಕಾರ್ಯದರ್ಶಿ ಹಗಲು ಉಣ್ಣುವುದೆಂದರೇನು? ಹೆಂಡತಿಗೂ ಹೇಳಲಿಲ್ಲ. ಮಾತ್ರೆಗೇ ರೋಜಾ ಮುರಿಯಿತೆಂದು ಗೊತ್ತಿದ್ದರೂ ಉಣ್ಣುವ ಧೈರ್ಯವಾಗದೆ, ಮೂರು ದಿನ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿದೆ. ನಾಲ್ಕನೆಯ ಮಧ್ಯಾಹ್ನ ಅಂಗಡಿಯ ಮುಂದೆ ಹಾಯುವಾಗ ಕಣ್ಣು ಕತ್ತಲೆ ಬಂದು ಕುಸಿದೆ.

ಎಚ್ಚರಾದಾಗ ಭಾವ ನನ್ನ ಬಾಯಿಗೆ ಸಕ್ಕರೆ ನೀರು ಹಾಕುತ್ತಿದ್ದರು. ಅವರ ಇನ್ನೊಂದು ಕೈಯಲ್ಲಿ ನನ್ನ ಜೇಬಿನ ಮಾತ್ರೆಗಳಿದ್ದವು. ಸುತ್ತ ನಿಂತವರಿಗೆ, “ಬಿಸಲ ಜಗ್ಗಿ ಐತಿ, ತಲಿ ತಿರಗೈತಿ, ನಡೀರಿ ನಡೀರಿ” ಎಂದು ಹೇಳಿ ಕಳಿಸಿದರು. ನನ್ನನ್ನು ಏನೂ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ನಮ್ಮ ಮನೆಯ ಬಾಗಿಲಲ್ಲಿ ಅವರ ದನಿ. “ಮಾಸ್ತರ, ಜಮಾತಿನ ಕಾಗದ ನೋಡೂದೈತಿ.” ಕೋಣೆಗೆ ಬಂದು ಒಳಗಿನಿಂದ ಚಿಲಕ ಹಾಕಿ ಚೀಲದಿಂದ ಬುತ್ತಿ ತೆಗೆದರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಕುಳಿತರು. ನಾನು ಉಣ್ಣುವಾಗ ನಾಚಬಾರದೆಂದು. ದಿನವೂ ಹೀಗೇ ನಡೆಯಿತು. ನಮ್ಮ ಅಕ್ಕನಿಗೂ ಅವರು ಈ ಬುತ್ತಿ ಯಾರಿಗೆಂದು ಹೇಳಿರಲಿಲ್ಲ.

ಒಂದು ದಿನ ಉಣ್ಣುವುದನ್ನು ನಿಲ್ಲಿಸಿ ಅವರ ಬೆನ್ನು ನೋಡಿದೆ. ಕತ್ತಿನ ಹಿಂದೆ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಂಗಿ ಬೆವರಿಗೆ ಅಂಟಿತ್ತು.

“ಭಾವಾ, ನೀವು ರೋಜಾ ಇದ್ದೀರಿ, ಬಿಸಲಾಗ ದಿನಾ ಬರಬ್ಯಾಡ್ರಿ. ನಾ ಹೆಂಗರ ಮಾಡ್ಕೋತೀನಿ.”

ಅವರು ತಿರುಗಲಿಲ್ಲ. “ಒಬ್ಬಾಂವನ ಕದ್ದು ಉಂಡ್ರ ಮೈಗೆ ಹತ್ತೂದಿಲ್ಲೋ. ನೀ ಉಣ್ಣು, ನಾ ಇಲ್ಲೇ ಅದೀನಿ.”

ನಾನು ತಟ್ಟೆ ಎತ್ತಿಕೊಂಡು ಹೋಗಿ ಅವರ ಮಗ್ಗುಲಲ್ಲಿ, ಅದೇ ಗೋಡೆಗೆ ಮುಖ ಮಾಡಿ ಕುಳಿತು ಉಂಡೆ.