ಟರ್ಬೊ ಕಾರಿನ ಮೂಗು ಮತ್ತು ಒಂದೂವರೆ ಮೀಟರ್ ರೆಕ್ಸಿನ್

ಧೂಳಿನ ಬಗ್ಗೆ ಯಾರಾದರೂ ಮಾತೆತ್ತಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಕೆಲವರಿಗೆ ರಾಜಕೀಯ, ಕೆಲವರಿಗೆ ಸಕ್ಕರೆ ಕಾಯಿಲೆ, ನನಗೆ ಧೂಳು. ದಾವಣಗೆರೆಯಲ್ಲಿ ಹುಟ್ಟಿ, ಮಂಡಕ್ಕಿ ಭಟ್ಟಿಗಳ ಹೊಗೆ ಕುಡಿದು, ಬನಿಯನ್ನು ಒಗೆದ ನೀರಿನ ಬಣ್ಣ ನೋಡಿಕೊಂಡು ಬೆಳೆದವನು ಇನ್ನೇನು ಮಾತಾಡಿಯಾನು? ನಮ್ಮ ಮನೆಗಳಲ್ಲಿ ಏನು ಕೊಂಡರೂ ಮೊದಲು ಅದಕ್ಕೊಂದು ಅಂಗಿ ಹೊಲಿಸುತ್ತೇವೆ. ಟಿವಿಗೆ ಕವರು, ಮಿಕ್ಸಿಗೆ ಕವರು, ಫ್ರಿಜ್ಜಿನ ಹಿಡಿಕೆಗೂ ಕವರು. ರಿಮೋಟಂತೂ ಬಂದ ಪ್ಲಾಸ್ಟಿಕ್ಕಿನೊಳಗೇ ಬಾಳಿ ಅದರೊಳಗೇ ಸಾಯುತ್ತದೆ. ಈ ಚಟ ನನ್ನಿಂದ ಏನು ಮಾಡಿಸಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಧೈರ್ಯ ಇರುತ್ತದೋ ಇಲ್ಲವೋ. ನಮ್ಮ ಭಾವ ಯಾವ ಮಿಷನ್ನಿನಿಂದ ಉಸಿರಾಡುತ್ತಿದ್ದರೋ ಆ ಮಿಷನ್ನಿಗೆ ನಾನು ಅಂಗಿ ಹೊಲಿಸಿದೆ.

ಭಾವ ಅಂದರೆ ನಮ್ಮ ಅಕ್ಕನ ಯಜಮಾನರು. ಹರಿಹರದ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ಅಲ್ಲಿನ ಸಾಹೇಬರೊಬ್ಬರು ಊರು ಬಿಡುವಾಗ ಕೆಟ್ಟು ನಿಂತ ತಮ್ಮ ಕೆಂಪು ಜಪಾನಿ ಕಾರನ್ನು, ಎರಡೇ ಬಾಗಿಲಿನದು, ಇವರ ತಲೆಗೆ ಕಟ್ಟಿ ಹೋದರು. ಭಾವ ವರ್ಷಗಟ್ಟಲೆ ರಜಾದಿನಗಳನ್ನೆಲ್ಲ ಅದರ ಹೊಟ್ಟೆಯೊಳಗೆ ಕಳೆದು ಅದನ್ನು ಎಬ್ಬಿಸಿ ಓಡಿಸಿದರು. ಅದು ಟರ್ಬೊ ಕಾರು. ಹೊಗೆ ಹೊರಗೆ ಹೋಗುವ ರಭಸಕ್ಕೇ ಒಂದು ಪುಟ್ಟ ಫ್ಯಾನು ತಿರುಗಿ ಎಂಜಿನ್ನಿಗೆ ಗಾಳಿ ತುರುಕುತ್ತದೆ, ಹಾಗೆ ತುರುಕುವಾಗ ಸುಯ್ ಅಂತ ಸೀಟಿ ಹೊಡೆಯುತ್ತದೆ. ಆ ಸೀಟಿ ಕೇಳಿದರೆ ಭಾವನ ಮುಖ ನೋಡಬೇಕಿತ್ತು, ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ ಎಂದು ಅಕ್ಕನೇ ಹೇಳುತ್ತಿದ್ದಳು. ಅಂಥವರಿಗೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಬಂತು. ಮನೆಗೆ ಆಕ್ಸಿಜನ್ ಮಿಷನ್ನು ಬಂತು. ಅದು ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ನಳಿಕೆಯಲ್ಲಿ ಮೂಗಿಗೆ ಆಕ್ಸಿಜನ್ ಕಳಿಸುತ್ತದೆ. ಕಾರು ಶೆಡ್ಡಿನಲ್ಲೇ ಉಳಿಯಿತು, ಅದರ ಏರ್ ಫಿಲ್ಟರನ್ನು ಇಲಿಗಳು ಸಾವಕಾಶವಾಗಿ ತಿಂದು ಮುಗಿಸಿದವು.

ಒಂದು ಭಾನುವಾರ ಭಾವ ನನ್ನ ಕೈ ಹಿಡಿದುಕೊಂಡು, ನಾಲ್ಕು ಮಾತಿಗೊಮ್ಮೆ ನಿಂತು ನಿಂತು ಹೇಳಿದರು: "ಶಂಕ್ರಾ, ಅದರ ಸೀಟಿ ಒಂದ್ಸಲ ಕೇಳ್ಬೇಕಲೇ. ಬ್ಯಾರೆ ಏನೂ ಬ್ಯಾಡ ನನಗೆ." ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನು, ಪಾಲಿಟೆಕ್ನಿಕ್ಕಿನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸುವವನು, ಸ್ಪ್ಯಾನರ್ ಹಿಡಿಯಲು ಬಾರದವನು, ಎದೆಯ ಮೇಲೆ ಕೈ ಇಟ್ಟು ಮಾತು ಕೊಟ್ಟುಬಿಟ್ಟೆ.

ಕಾರನ್ನು ದಾವಣಗೆರೆಗೆ ಎಳೆಸಿ ಮೆಕ್ಯಾನಿಕ್ ಖಾದರ್ ಸಾಬರ ಗ್ಯಾರೇಜಿಗೆ ಹಾಕಿದೆ. ಎಂಜಿನ್ನು ಹೇಗೋ ಎದ್ದಿತು. ಫಿಲ್ಟರಿನದೇ ತೊಂದರೆ. ಅಸಲಿ ಫಿಲ್ಟರು ಡಬ್ಬಿಯ ಸಮೇತ ಜಪಾನಿನಿಂದ ಬರಬೇಕು, ಅದರ ರೇಟು ಕೇಳಿ ನಾನು ಬೆಂಚಿನ ಮೇಲೆ ಕೂತೆ. ಸರಿ, ಅಗ್ಗದ ದಾರಿ ಹುಡುಕಿದೆವು. ಮೊದಲು ಬೆಂಗಳೂರಿನಿಂದ ಕೊಳವೆ ಬಾಯಿಗೆ ಸಿಕ್ಕಿಸುವ ಗೋಪುರದಾಕಾರದ ಫಿಲ್ಟರು ತರಿಸಿದೆ. ನೋಡಲು ಜೋರಾಗಿತ್ತು, ಆದರೆ ಎಂಜಿನ್ನಿನ ಬಿಸಿ ಗಾಳಿಯನ್ನೇ ಕುಡಿದು ಕಾರು ಏರು ಹತ್ತದೆ ಏದುಸಿರು ಬಿಟ್ಟಿತು. "ತಣ್ಣನ್ನ ಗಾಳಿ ಬೇಕ್ರಿ ಸಾರ್ ಇದಕ್ಕ" ಎಂದರು ಖಾದರ್. ಹಾರ್ಡ್‌ವೇರ್ ಅಂಗಡಿಯಿಂದ ಬಚ್ಚಲಿನ ಪಿವಿಸಿ ಪೈಪು ತಂದು ಬಂಪರಿನ ಹಿಂದಿನಿಂದ ಗಾಳಿ ತಂದೆವು, ಪೈಪು ಬಿಸಿಗೆ ಮೆತ್ತಗಾಗಿ ಜೋತುಬಿತ್ತು. ಕೊನೆಗೆ ಹೋಟೆಲಿನ ಖಾಲಿ ಎಣ್ಣೆ ಟಿನ್ನನ್ನು ಕತ್ತರಿಸಿ, ಬಿಸಿ ತಾಗದಂತೆ ಪೆಟ್ಟಿಗೆ ಮಾಡಿ, ಒಳಗೆ ಟ್ರಾಕ್ಟರಿನ ಫಿಲ್ಟರು ಕೂರಿಸಿ, ಪಿವಿಸಿ ಜಾಗಕ್ಕೆ ರಬ್ಬರಿನ ಹೋಸು ಹಾಕಿದೆವು. ಇಷ್ಟಾಗಲು ಐದು ತಿಂಗಳು. ಪ್ರತಿ ಭಾನುವಾರ ಹರಿಹರಕ್ಕೆ ಹೋಗಿ, ಭಾವನ ಮಂಚದ ಪಕ್ಕ ಕೂತು, ಕಾಗದದ ಮೇಲೆ ಎಂಜಿನ್ ಬರೆದು, ಗಾಳಿ ಎಲ್ಲಿ ಒಳಗೆ ಬರುತ್ತದೆ, ಎಲ್ಲಿ ಅಡ್ಡಿಯಾಗುತ್ತದೆ ಎಂದು ಬಾಣದ ಗುರುತು ಹಾಕಿ ವಿವರಿಸುತ್ತಿದ್ದೆ. ಟೀ ಲೋಟ ಇಡಲು ನನಗೆ ಆ ಆಕ್ಸಿಜನ್ ಮಿಷನ್ನೇ ಅನುಕೂಲವಾಗಿತ್ತು.

ಅಂಗಿ ಹೊಲಿಸಿದ್ದು ಈ ನಡುವೆಯೇ. ಅಕ್ಕನ ಮನೆ ಲಾರಿ ಓಡಾಡುವ ರಸ್ತೆಗೆ ಮುಖ ಮಾಡಿದೆ. "ಎಷ್ಟು ಒರೆಸಿದ್ರೂ ಮಿಷನ್ ಮ್ಯಾಲೆ ಧೂಳು ಕೂಡ್ತೈತಲ್ಲೋ ತಮ್ಮಾ" ಎಂದಳು. ನನಗೆ ಅಷ್ಟು ಸಾಕಿತ್ತು. ಕಾರಿನ ಸೀಟುಗಳಿಗೆ ತಂದ ಕೆಂಪು ರೆಕ್ಸಿನ್ ಒಂದೂವರೆ ಮೀಟರ್ ಉಳಿದಿತ್ತು. ಅಳತೆ ತೆಗೆದು, ಡ್ರಾಯಿಂಗ್ ಬರೆದು, ಮೀಟರು ಕಾಣಲೆಂದು ಮುಂದೆ ಕಿಟಕಿ ಬಿಡಿಸಿ, ಕೆಳಗೆ ನೆರಿಗೆಯ ಝಾಲರು ಸಹಿತ ಹೊಲಿಸಿ ತಂದೆ. ಅಕ್ಕ ದಿನಾ ಬೆಳಗ್ಗೆ ಅದನ್ನು ತೆಗೆದು ಒರೆಸಿ ಮತ್ತೆ ಶ್ರದ್ಧೆಯಿಂದ ಕಟ್ಟುತ್ತಿದ್ದಳು. ಆಮೇಲೆ ಮಿಷನ್ನಿನಲ್ಲಿ ಹಳದಿ ದೀಪ ಹತ್ತಿ ಆಗಾಗ ಬೀಪ್ ಅನ್ನತೊಡಗಿತು. "ಹರಿಹರದ ವೋಲ್ಟೇಜು" ಎಂದು ನಾನು ಅಧಿಕಾರವಾಣಿಯಿಂದ ಹೇಳಿ ಸ್ಟೆಬಿಲೈಸರ್ ತಂದುಕೊಟ್ಟೆ. ಅದಕ್ಕೂ ಒಂದು ಕವರು ಹೊಲಿಸಿದ್ದೆ. ಭಾವ ದಿನದಿಂದ ದಿನಕ್ಕೆ ಸೊರಗಿದರು. ಕಾಯಿಲೆ ಮುಂದುವರಿದಿದೆ ಎಂದುಕೊಂಡೆವು.

ಕಾರು ಸಿದ್ಧವಾದ ಭಾನುವಾರ ಖಾದರ್ ಅದನ್ನು ಓಡಿಸಿಕೊಂಡು ನನ್ನೊಡನೆ ಹರಿಹರಕ್ಕೆ ಬಂದರು. ಭಾವನಿಗೆ ಜಗಲಿಯ ಮೇಲೆ ಕೂತು ಕೇಳುವ ಆಸೆ. ನಳಿಕೆ ಅಷ್ಟು ಉದ್ದವಿರಲಿಲ್ಲ, ಮಿಷನ್ನನ್ನೇ ಬಾಗಿಲಿಗೆ ತಳ್ಳಲು ಹೋದರೆ ಝಾಲರು ಚಕ್ರಕ್ಕೆ ಸಿಕ್ಕಿಕೊಂಡಿತು. ಖಾದರ್ ಕವರನ್ನು ಕಿತ್ತು ತೆಗೆದು, ಮಿಷನ್ನಿನ ಬೆನ್ನ ಮೇಲೆ ಕೈ ಇಟ್ಟವರೇ ಹಿಂದಕ್ಕೆ ಎಳೆದುಕೊಂಡರು. "ಅಲ್ಲಾ, ಹೆಂಗೆ ಕಾದೈತ್ರಿ ಇದು! ಸಾರ್, ಇದಕ್ಕೂ ಫಿಲ್ಟರ್ ಐತೆ ನೋಡ್ರಿ ಇಲ್ಲಿ. ಇದೂ ಗಾಳಿ ಎಳೀಬೇಕಲ್ರಿ?" ನಾವು ಐದು ತಿಂಗಳು ಕಾರಿಗೆ ಹುಡುಕಿದಂಥದ್ದೇ ಜಾಲರಿ, ಬೆರಳುದ್ದದ್ದು. ಅಂಗಿ ಕಳಚಿದ ಐದಾರು ನಿಮಿಷದಲ್ಲಿ ಬೀಪ್ ನಿಂತಿತು, ಹಳದಿ ಹೋಗಿ ಹಸಿರು ಬಂತು. ಭಾವನ ಬೆರಳಿಗೆ ಸಿಕ್ಕಿಸಿದ್ದ ಆಕ್ಸಿಜನ್ ಅಳೆಯುವ ಮೀಟರಿನಲ್ಲಿ ಅಂಕಿ ಒಂದೊಂದೇ ಮೇಲೇರಿತು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಮಿಷನ್ನಿನ ಜೊತೆ ಬಂದ ಪುಸ್ತಕ ಕಪಾಟಿನಲ್ಲಿತ್ತು, ಅದನ್ನು ಧೂಳಾಗದಂತೆ ಪ್ಲಾಸ್ಟಿಕ್ಕಿನಿಂದ ಹೊರಗೇ ತೆಗೆದಿರಲಿಲ್ಲ.

ಎಲ್ಲಕ್ಕಿಂತ ಮೊದಲು ಅರ್ಥವಾದದ್ದು ಭಾವನಿಗೆ, ಎಷ್ಟಾದರೂ ಮಿಷನ್ನುಗಳ ನಡುವೆ ಬದುಕಿದವರು. ಅವರು ಬೈಯಲಿಲ್ಲ. ಕೆಮ್ಮು ಬರುವಷ್ಟು ನಕ್ಕರು. "ಲೇ ಶಂಕ್ರಾ, ಕಾರಿನ ಮೂಗು ಬಿಡಿಸಿ ನನ್ನ ಮೂಗಿಗೆ ಅಂಗಿ ಹೊಲಿಸಿದೆಲ್ಲೋ! ಕಟಿಂಗ್ ಮಾತ್ರ ಚಲೋ ಐತೆ ಬಿಡು." ಖಾದರ್ ಕಾರನ್ನು ರಸ್ತೆಯ ಆ ತುದಿಗೆ ಒಯ್ದು ರಭಸದಿಂದ ತಂದರು. ಸೀಟಿ ಕೇಳಿತು. ಭಾವ ಕಣ್ಣು ಮುಚ್ಚಿ, "ಇನ್ನೊಂದ್ಸಲ ಬರಾಕ ಹೇಳು" ಎಂದರು. ನಾಲ್ಕು ಸಲ ಬರಿಸಿದರು. ಮೂರು ವಾರದ ನಂತರ ತೀರಿಕೊಂಡರು.

ತಿಥಿಯ ದಿನಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಅಕ್ಕ ನನ್ನನ್ನು ಅಡಿಗೆಮನೆಗೆ ಕರೆದಳು. ಮುಖ ನೋಡದೆ, ಒಲೆ ಕಡೆ ತಿರುಗಿಕೊಂಡೇ ಕೇಳಿದಳು: "ತಮ್ಮಾ, ದಿನಾ ಅದನ್ನ ಕಟ್ಟಿದಾಕಿ ನಾನು. ನಾನು ಕಟ್ಟದಿದ್ರೆ ಇನ್ನಷ್ಟು ದಿನ ಇರ್ತಿದ್ರೇನೋ?" ಇಷ್ಟು ದಿನ ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು, ನನ್ನನ್ನಲ್ಲ. "ಒಂದು ದಿನಾನೂ ಇಲ್ಲಕ್ಕ. ಕಾಯಿಲೆ ಅಷ್ಟು ಮುಂದುವರಿದಿತ್ತು. ಡಾಕ್ಟರನ್ನ ನಾನೇ ಕೇಳಿದೀನಿ" ಎಂದೆ. ಅವಳು ಮೊದಲ ಸಲ ಗೋಡೆಗೊರಗಿ ಜೋರಾಗಿ ಅತ್ತಳು. ಆಮೇಲೆ ಸಮಾಧಾನವಾಗಿ ಎದ್ದು ನನಗೆ ಊಟಕ್ಕೆ ಬಡಿಸಿದಳು.

ಕಾರಿನ ವಿಷಯದಲ್ಲಾದರೆ ಮೂವರು ಮೆಕ್ಯಾನಿಕ್ಕುಗಳನ್ನು ಕೇಳದೆ ಒಂದು ಬೋಲ್ಟು ತಿರುಗಿಸಲು ಬಿಟ್ಟವನಲ್ಲ ನಾನು. ಭಾವನನ್ನು ನೋಡುತ್ತಿದ್ದ ಆ ಡಾಕ್ಟರ ಕ್ಲಿನಿಕ್ಕು ಸರಸ್ವತಿ ನಗರದ ನಮ್ಮ ಮನೆಯಿಂದ ಎರಡೇ ರಸ್ತೆ ಆಚೆ. ಈಗ ನಾನು ಕಾಲೇಜಿಗೆ ಸುತ್ತು ಹಾಕಿಕೊಂಡು ಹೋಗುತ್ತೇನೆ. ಎಲ್ಲಾದರೂ ಎದುರಿಗೆ ಸಿಕ್ಕು, ನಾನು ಅಕ್ಕನ ಪ್ರಶ್ನೆಯನ್ನು ಬಾಯಿ ತಪ್ಪಿ ಕೇಳಿಬಿಟ್ಟು, ಅವರು ಉತ್ತರ ಹೇಳಿಬಿಟ್ಟರೆ?